ಮುಕ್ಕಾಲು ಗಂಟೆ ಬೇಗ ಏಳುವುದು ಹೇಗೆ, ಎದ್ದು ಮಾಡುವುದೇನು

ಮೊದಲೇ ಹೇಳಿಬಿಡುತ್ತೇನೆ, ನಾಲ್ಕು ಗಂಟೆಗೆ ಎದ್ದು ತಣ್ಣೀರು ಸ್ನಾನ ಮಾಡಿ ಎಂದು ನಾನು ಹೇಳುವುದಿಲ್ಲ. ಆ ಪ್ರಯೋಗ ಒಮ್ಮೆ ಮಾಡಿ ಮುಗಿಸಿದ್ದೇನೆ. ಐದನೇ ದಿನ ಶಿರಸಿಯಿಂದ ಕುಮಟಾಕ್ಕೆ ಇಳಿಯುವ ಬಸ್ಸಿನಲ್ಲಿ ದೇವಿಮನೆ ಘಟ್ಟದ ಅಷ್ಟೂ ತಿರುವುಗಳನ್ನು ಪಕ್ಕದವರ ಹೆಗಲ ಮೇಲೆ ತಲೆಯಿಟ್ಟು ಕಳೆದೆ. ಪಾಪ, ಅವರು ಕುಮಟಾ ಬರುವವರೆಗೂ ಒಂದು ಮಾತು ಆಡಲಿಲ್ಲ. ಇಳಿಯುವಾಗ ಮಾತ್ರ "ಆರಾಮ ಇಲ್ವನ್ರಾ?" ಎಂದು ಕೇಳಿದರು. ಅಲ್ಲಿಗೆ ನಾಲ್ಕು ಗಂಟೆಯ ಕಥೆ ಮುಗಿಯಿತು.

ಈಗ ಎರಡು ವರ್ಷದಿಂದ ನಡೆಯುತ್ತಿರುವುದು ಅದಕ್ಕಿಂತ ತುಂಬಾ ಸಣ್ಣದು. ಆರೂವರೆಗೆ ಏಳುತ್ತಿದ್ದವನು ಐದೂ ಮುಕ್ಕಾಲಿಗೆ ಏಳುತ್ತೇನೆ, ಅಷ್ಟೇ. ಹುಟ್ಟಿ ಬೆಳೆದದ್ದು ಶಿರಸಿ ಕಡೆಯ ತೋಟದ ಮನೆಯಲ್ಲಿ, ಈಗ ಇರುವುದು ಕಾರವಾರದ ಕಾಜುಬಾಗದಲ್ಲಿ, ಬಾಡಿಗೆ ಮನೆ, ಹತ್ತು ಗಂಟೆಯ ಆಫೀಸು, ಹತ್ತನೇ ಕ್ಲಾಸಿನ ಮಗಳು. ಅಂದರೆ ನನ್ನದೇನೂ ತಪಸ್ಸು ಮಾಡುವ ಪರಿಸ್ಥಿತಿ ಅಲ್ಲ. ನಿಮ್ಮದೂ ಇದೇ ತರದ ಮನೆಯಾಗಿದ್ದರೆ ಕೆಳಗಿನದು ಕೆಲಸಕ್ಕೆ ಬರಬಹುದು.

ಮೊದಲ ವಾರ ಬೇಗ ಏಳಬೇಡಿ, ಲೆಕ್ಕ ಬರೆಯಿರಿ

ಅಡುಗೆಮನೆ ಗೋಡೆಗೆ ನೇತು ಹಾಕಿದ ಕ್ಯಾಲೆಂಡರ್ ಇರುತ್ತದಲ್ಲ, ಅದರ ಚೌಕದಲ್ಲೇ ಬರೆಯಿರಿ. ರಾತ್ರಿ ದೀಪ ಆರಿಸಿ ಮೊಬೈಲನ್ನೂ ಕೆಳಗಿಟ್ಟ ಹೊತ್ತು, ಬೆಳಿಗ್ಗೆ ಎದ್ದ ಹೊತ್ತು, ಮಧ್ಯಾಹ್ನ ತೂಕಡಿಕೆ ಬಂತೋ ಇಲ್ಲವೋ. ಮೂರೇ ಸಂಗತಿ, ಏಳು ದಿನ. ಈ ವಾರ ಏನನ್ನೂ ಬದಲಾಯಿಸುವುದು ಬೇಡ.

ನಾನು ಹತ್ತೂವರೆಗೆ ಮಲಗುವವನು ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಬರೆದು ನೋಡಿದರೆ ಹನ್ನೊಂದೂ ನಲವತ್ತು. ಹಾಸಿಗೆಗೆ ಹೋಗುವುದು ಹತ್ತೂವರೆಗೇ, ಆದರೆ ಅಲ್ಲಿಂದ ಮುಂದೆ ಒಂದು ಗಂಟೆಗೂ ಜಾಸ್ತಿ ಹೊತ್ತು ಮುಗಿದುಹೋದ ಕ್ರಿಕೆಟ್ ಮ್ಯಾಚಿನ ತುಣುಕು, ಯಾರದೋ ಮದುವೆಯ ಫೋಟೋ, ಮತ್ತೆ ಅದೇ ಕ್ರಿಕೆಟ್ಟು. ಬೆಳಿಗ್ಗೆ ಆರೂವರೆಗೆ ಎದ್ದರೆ ನಿದ್ದೆ ಏಳು ಗಂಟೆಯೂ ಆಗುತ್ತಿರಲಿಲ್ಲ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಎನ್ನುವುದು ನಿದ್ರಾ ತಜ್ಞರ ಸಲಹೆ. ಹದಿಹರೆಯದ ಮಕ್ಕಳಿಗೆ 8ರಿಂದ 10. ಮೊದಲೇ ಸಾಲದಲ್ಲಿದ್ದವನು ಇನ್ನೂ ಮುಕ್ಕಾಲು ಗಂಟೆ ಕಿತ್ತುಕೊಂಡರೆ ಬಸ್ಸಿನಲ್ಲಿ ಬೇರೆಯವರ ಹೆಗಲೇ ಗತಿ.

ಈ ಲೆಕ್ಕ ಕಣ್ಣೆದುರು ಬಂದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು. ನನಗೆ ಬೇಕಿದ್ದ ಹೊತ್ತು ರಾತ್ರಿ ಹತ್ತೂವರೆಯಿಂದ ಹನ್ನೊಂದೂ ನಲವತ್ತರ ನಡುವೆ ಬಿದ್ದಿತ್ತು. ಅದನ್ನು ಎತ್ತಿ ಬೆಳಿಗ್ಗೆ ಇಡಬೇಕು. ಸಂಜೆಯ ಹಳಸಲು ಮೀನು ವಾಪಸ್ ಕೊಟ್ಟು ಬೆಳಗಿನ ತಾಜಾ ಮೀನು ತಗೊಂಡ ಹಾಗೆ, ತೂಕ ಸ್ವಲ್ಪ ಕಮ್ಮಿಯಾದರೂ ಲಾಭವೇ. ಮೀನು ತಿನ್ನದ ಮನೆಯಲ್ಲಿ ಹುಟ್ಟಿದವನು ಈ ಹೋಲಿಕೆ ಕೊಡುತ್ತಿದ್ದೇನೆ ಅಂದರೆ ಕಾರವಾರದ ಗಾಳಿ ಎಷ್ಟು ತಾಗಿದೆ ನೋಡಿ.

ನಿಮ್ಮ ಲೆಕ್ಕದಲ್ಲಿ ರಾತ್ರಿ ಅಂಥ ಹಾಳು ಹೊತ್ತು ಇಲ್ಲವೇ ಇಲ್ಲ, ಹತ್ತಕ್ಕೆ ಮಲಗಿ ಐದೂವರೆಗೆ ಏಳುತ್ತಿದ್ದೀರಿ ಅಂದರೆ ಇಲ್ಲಿಗೇ ನಿಲ್ಲಿಸಿ. ನೀವು ಸರಿಯಾಗೇ ಇದ್ದೀರಿ.

ಗಂಟೆ ಆರಿಸುವಾಗ ನಿಮ್ಮೂರಿನ ಸೂರ್ಯನನ್ನು ಕೇಳಿ

ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಐದು ಗಂಟೆಗೆ ಏಳಿ ಎಂದು ಉಪದೇಶ ಮಾಡುವವರು ಯಾರೂ ಇದನ್ನು ಹೇಳುವುದಿಲ್ಲ.

ಭಾರತದ ಗಡಿಯಾರ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಕಾರವಾರ ಇರುವುದು ಸುಮಾರು 74.1 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಅಂದರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆಗೂ ಜಾಸ್ತಿ ಹಿಂದಿದ್ದಾನೆ. ಜೂನ್ ಶುರುವಿನಲ್ಲಿ ಕಾರವಾರದಲ್ಲಿ ಸೂರ್ಯೋದಯ 6 ದಾಟಿ ಮೂರ್ನಾಲ್ಕು ನಿಮಿಷಕ್ಕೆ. ಜನವರಿ ಕೊನೆಗೆ 7 ದಾಟಿ ಮೂರ್ನಾಲ್ಕು ನಿಮಿಷಕ್ಕೆ. ಶಿರಸಿಯಲ್ಲಿ ಇದಕ್ಕಿಂತ ಎರಡು ಮೂರು ನಿಮಿಷ ಮೊದಲು ಅಷ್ಟೇ. ಕೋಲ್ಕತ್ತದಲ್ಲಾದರೆ ಜೂನ್‌ನಲ್ಲಿ 4:50ರ ಸುಮಾರಿಗೇ ಸೂರ್ಯ ಬಂದಿರುತ್ತಾನೆ. ಅಲ್ಲಿ ಐದಕ್ಕೆ ಏಳುವವನು ಬಿಸಿಲಲ್ಲಿ ಏಳುತ್ತಾನೆ, ಇಲ್ಲಿ ಐದಕ್ಕೆ ಏಳುವವನು ಟಾರ್ಚು ಹುಡುಕುತ್ತಾನೆ. ಅಂದಹಾಗೆ, ನಮ್ಮ ಕಡಲತೀರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಟಾಗೋರರು ಕೋಲ್ಕತ್ತದಿಂದ ಬಂದು ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಯಲ್ಲಿ ಉಳಿದಿದ್ದ ಕಾಲಕ್ಕೆ ಈ ತಕರಾರೇ ಇರಲಿಲ್ಲ, ಇಡೀ ದೇಶಕ್ಕೆ ಅಂತ ಒಂದು ಸಮಯ ಗೊತ್ತು ಮಾಡಿದ್ದು 1906ರಲ್ಲಿ.

ಹಿರಿಯರು ಹೇಳುವ ಬ್ರಾಹ್ಮೀ ಮುಹೂರ್ತವೂ ಗಡಿಯಾರದ ಲೆಕ್ಕ ಅಲ್ಲ, ಸೂರ್ಯನ ಲೆಕ್ಕ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರು, 48 ನಿಮಿಷ ಇರುತ್ತದೆ. ಕಾರವಾರದಲ್ಲಿ ಜನವರಿ ಕೊನೆಗೆ ಅದು ಹೆಚ್ಚುಕಮ್ಮಿ 5:27ರಿಂದ 6:15. ಜೂನ್‌ನಲ್ಲಿ 4:27ರಿಂದ 5:15. ಹಾಗಾಗಿ ಚಳಿಗಾಲದಲ್ಲಿ ಐದೂ ಮುಕ್ಕಾಲಿಗೆ ಎದ್ದರೂ ಅಜ್ಜನ ಹತ್ತಿರ ಬೈಸಿಕೊಳ್ಳಬೇಕಾಗಿಲ್ಲ, ಲೆಕ್ಕ ತೋರಿಸಿ.

ಇನ್ನೊಂದು ವಿಷಯ, ಕರಾವಳಿಯವರಿಗೆ ಸೂರ್ಯ ಹುಟ್ಟುವುದು ಸಮುದ್ರದಲ್ಲಿ ಅಲ್ಲ, ಬೆನ್ನ ಹಿಂದಿನ ಘಟ್ಟದಲ್ಲಿ. ಪಂಚಾಂಗದ ಹೊತ್ತಿಗೆ ಬಿಸಿಲು ಕಾಣುವುದಿಲ್ಲ, ಗುಡ್ಡ ಹತ್ತಿ ಬರಲು ಇನ್ನೂ ಹೊತ್ತು ಬೇಕು. ಆದರೆ ಬೆಳಕು ಬೇರೆ, ಬಿಸಿಲು ಬೇರೆ. ಸೂರ್ಯೋದಯಕ್ಕೆ 20 ನಿಮಿಷಕ್ಕೂ ಮೊದಲೇ ಟಾರ್ಚಿಲ್ಲದೆ ದಾರಿ ಕಾಣುವಷ್ಟು ಬೆಳಕು ಆಗಿರುತ್ತದೆ.

ನಾನು ಮಾಡಿಕೊಂಡ ನಿಯಮ ಇದು: ಏಳುವ ಹೊತ್ತು ಸೂರ್ಯೋದಯಕ್ಕಿಂತ ಹೆಚ್ಚುಕಮ್ಮಿ ಒಂದು ಗಂಟೆಗಿಂತ ಹಿಂದೆ ಹೋಗಬಾರದು. ಹೋದರೆ ಹೊರಗೆ ಕತ್ತಲು, ಒಳಗೂ ಕತ್ತಲು, ದೇಹಕ್ಕೆ ಅದು ರಾತ್ರಿಯೇ. ಐದೂ ಮುಕ್ಕಾಲು ಬಹುಪಾಲು ವರ್ಷ ಈ ಲೆಕ್ಕಕ್ಕೆ ಹೊಂದುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆರಕ್ಕೆ ಏಳುತ್ತೇನೆ, ನಾಚಿಕೆ ಏನಿಲ್ಲ.

ಹದಿನೈದು ನಿಮಿಷ, ನಾಲ್ಕು ದಿನ

ನಮ್ಮೊಳಗೆ ಒಂದು ಗಡಿಯಾರ ಇದೆ. ಅದು ಜೀವಕೋಶದ ಒಳಗೆ ಹೇಗೆ ಓಡುತ್ತದೆ ಎಂದು ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಈ ಗಡಿಯಾರದ ಒಂದು ದಿನ ಹೆಚ್ಚಿನವರಲ್ಲಿ 24 ಗಂಟೆಗಿಂತ ಸ್ವಲ್ಪ ಉದ್ದ. ಅದಕ್ಕೇ ತಡವಾಗಿ ಮಲಗುವುದನ್ನು ಯಾರೂ ಕಲಿಸಬೇಕಾಗಿಲ್ಲ, ಬೇಗ ಏಳುವುದನ್ನು ಮಾತ್ರ ಕಲಿಯಬೇಕು. ಒಮ್ಮೆಲೇ ಒಂದು ಗಂಟೆ ಹಿಂದಕ್ಕೆ ತಳ್ಳಿದರೆ ಅದು ಹಟ ಹಿಡಿಯುತ್ತದೆ. ಸ್ವಲ್ಪ ಸ್ವಲ್ಪವೇ ತಳ್ಳಿದರೆ ಬರುತ್ತದೆ.

ಆರೂವರೆಯವರು ಮೊದಲ ನಾಲ್ಕು ದಿನ 6:15ಕ್ಕೆ ಏಳಿ. ಆಮೇಲಿನ ನಾಲ್ಕು ದಿನ 6ಕ್ಕೆ. ಆಮೇಲೆ 5:45ಕ್ಕೆ. ಮಲಗುವುದನ್ನೂ ಅಷ್ಟಷ್ಟೇ ಹಿಂದೆ ತನ್ನಿ. ಹನ್ನೆರಡು ದಿನದಲ್ಲಿ ಮುಗಿಯಿತು. ಮಧ್ಯೆ ಒಂದು ಮೆಟ್ಟಿಲಲ್ಲಿ ಕಾಲು ಸಿಕ್ಕಿಕೊಂಡರೆ ಅಲ್ಲೇ ಇನ್ನೊಂದು ನಾಲ್ಕು ದಿನ ನಿಲ್ಲಿ. ನನಗೆ ಆರರಿಂದ ಐದೂ ಮುಕ್ಕಾಲಿಗೆ ಇಳಿಯಲು ಹತ್ತು ದಿನ ಬೇಕಾಯಿತು, ಯಾಕೋ ಗೊತ್ತಿಲ್ಲ, ಐದು ಅನ್ನುವ ಅಂಕೆ ಕಂಡರೇ ಮನಸ್ಸು ಮುದುಡುತ್ತಿತ್ತು.

ಸೋಮವಾರ ಶುರು ಮಾಡಬೇಡಿ. ಶುಕ್ರವಾರ ಶುರು ಮಾಡಿ. ಆಗ ಎರಡು, ಮೂರನೇ ದಿನ ಶನಿವಾರ ಭಾನುವಾರಕ್ಕೆ ಬೀಳುತ್ತದೆ, ನಿದ್ದೆ ಎಳೆದರೆ ಮಧ್ಯಾಹ್ನ ಊಟ ಆದ ಮೇಲೆ 20 ನಿಮಿಷ ಒರಗಬಹುದು. ಮೂರು ಗಂಟೆಯ ನಂತರ ಮಾತ್ರ ಒರಗಬೇಡಿ, ರಾತ್ರಿ ನಿದ್ದೆ ಹಾಳು.

ಕೆಲಸ ಇರುವುದು ರಾತ್ರಿ

ಊರಿಗೆ ಫೋನು ಮಾಡಿದಾಗ ಈ ಪ್ರಯೋಗದ ಬಗ್ಗೆ ಆಯಿಗೆ, ಅಂದರೆ ಅಮ್ಮನಿಗೆ, ದೊಡ್ಡದಾಗಿ ವಿವರಿಸಿದೆ. ಅವಳು ಒಂದೇ ಮಾತಿನಲ್ಲಿ ಮುಗಿಸಿದಳು: "ರಾತ್ರೆ ಬೇಗ ಮನಿಕ್ಯಂಡ್ರೆ ಬೆಳಿಗ್ಗೆ ಎಚ್ಚರ ತನ್ನಷ್ಟಕ್ಕೇ ಆಗ್ತು ತಮಾ, ಅದಕ್ಕೆಂತ ಮಾಡವು?" ಏನೂ ಮಾಡಬೇಕಾಗಿಲ್ಲ, ನಿಜ. ಆದರೆ ಆಯಿಯ ಮನೆಯಲ್ಲಿ ಮಳೆಗಾಲದಲ್ಲಿ ಎಂಟಕ್ಕೆ ಕರೆಂಟ್ ಹೋದರೆ ಬರುವುದು ಮರುದಿನ. ನಮ್ಮಲ್ಲಿ ಕರೆಂಟೂ ಇದೆ, ವೈಫೈಯೂ ಇದೆ.

ಹಾಗಾಗಿ ನಾವೇ ಕರೆಂಟ್ ತೆಗೆಯಬೇಕು. ಒಂಬತ್ತೂ ಮುಕ್ಕಾಲಿಗೆ ನಡುಮನೆಯ ಟ್ಯೂಬ್‌ಲೈಟ್ ಆರಿಸಿ ಒಂದು ಸಣ್ಣ ಹಳದಿ ಬಲ್ಬ್ ಹಾಕುತ್ತೇವೆ. ಕತ್ತಲಾದರೆ ಮಿದುಳಿನಿಂದ ಮೆಲಟೋನಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ, ಅದೇ ದೇಹಕ್ಕೆ ರಾತ್ರಿಯಾಯಿತು ಎಂದು ಡಂಗುರ ಸಾರುವುದು. ಜೋರು ಬೆಳಕು, ಅದರಲ್ಲೂ ಬಿಳಿ ನೀಲಿ ಬೆಳಕು, ಆ ಡಂಗುರವನ್ನು ತಡೆಯುತ್ತದೆ. ಮೊಬೈಲ್ ಪರದೆಯದ್ದು ಬೆಳಕಿನ ಕಾಟ ಅಷ್ಟಿಷ್ಟು, ಅದರಲ್ಲಿ ಬರುವ ವಿಷಯದ ಕಾಟ ಜಾಸ್ತಿ ಎನ್ನುವುದು ನನ್ನ ಅನುಭವ. ಊರಿನ ಗ್ರೂಪಿನಲ್ಲಿ ಅಡಿಕೆ ರೇಟಿನ ಜಗಳ ಓದಿದ ಮೇಲೆ ಯಾರಿಗೆ ನಿದ್ದೆ ಬರುತ್ತದೆ ಹೇಳಿ.

ಚಹಾ. ಇದು ನಮ್ಮ ಜಿಲ್ಲೆಯ ದೊಡ್ಡ ಕಾಯಿಲೆ, ಆರು ಗಂಟೆಗೆ ಆಫೀಸು ಬಿಟ್ಟು ಒಂದು, ಯಾರಾದರೂ ಮನೆಗೆ ಬಂದರೆ ಎಂಟಕ್ಕೆ ಇನ್ನೊಂದು. ಕೆಫೀನು ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಆರರ ಚಹಾದ ಅರ್ಧ ಪಾಲು ರಾತ್ರಿ ಹನ್ನೊಂದಕ್ಕೂ ಒಳಗೆ ಎದ್ದು ಕೂತಿರುತ್ತದೆ. ನಾನು ನಾಲ್ಕರ ನಂತರ ಚಹಾ ಬಿಟ್ಟು ಕಷಾಯಕ್ಕೆ ಬಂದೆ. ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತ್ಯ, ಬಡೆಸೋಂಪು ಹುರಿದು ಪುಡಿ ಮಾಡಿದ್ದು, ಹಾಲು, ಬೆಲ್ಲ. ಚಹಾಪುಡಿ ಇಲ್ಲದ ಕಾರಣ ಕೆಫೀನೂ ಇಲ್ಲ. ಮೊದಲ ಒಂದು ವಾರ ತಲೆ ನೋಯಿತು, ಸುಳ್ಳು ಹೇಳುವುದಿಲ್ಲ.

ಊಟ ಎಂಟೂವರೆಯೊಳಗೆ. ಮಲಗುವುದಕ್ಕೂ ಊಟಕ್ಕೂ ಎರಡು ಗಂಟೆ ಅಂತರ ಇದ್ದರೆ ಹೊಟ್ಟೆ ಹಗುರ. ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ, ಹಾಗಾಗಿ ಇದನ್ನೂ ಹೇಳಬೇಕು: ಒಂದು ಪೆಗ್ ಹಾಕಿದರೆ ಬೇಗ ನಿದ್ದೆ ಬರುತ್ತದೆ ಎನ್ನುವುದು ಅರ್ಧ ಮಾತ್ರ ನಿಜ. ಬೇಗ ಬರುತ್ತದೆ, ಎರಡು ಮೂರು ಗಂಟೆ ರಾತ್ರಿಗೆ ಒಡೆಯುತ್ತದೆ.

ಅಲಾರಂ ಎಲ್ಲಿಡಬೇಕು

ಅಡುಗೆಮನೆ ಕಟ್ಟೆಯ ಮೇಲೆ. ದಿಂಬಿನ ಪಕ್ಕ ಅಲ್ಲ. ಎದ್ದು ನಡೆದು ಹೋಗಿಯೇ ನಿಲ್ಲಿಸಬೇಕು, ಅಲ್ಲಿಗೆ ಹೋದ ಮೇಲೆ ನೀರಿನ ಪಾತ್ರೆ ಒಲೆಗೆ ಇಟ್ಟುಬಿಡಬೇಕು. ಒಲೆ ಹತ್ತಿತು ಅಂದರೆ ವಾಪಸ್ ಮಲಗುವ ಹಾಗಿಲ್ಲ, ನೀರು ಬತ್ತಿ ಪಾತ್ರೆ ಸೀದು ಹೋದರೆ ಬೈಗುಳ ಯಾರಿಗೆ ಬೀಳುತ್ತದೆ ಎನ್ನುವುದು ಗೊತ್ತಿದೆಯಲ್ಲ.

ಸ್ನೂಜ್ ಗುಂಡಿಯನ್ನು ಮರೆತುಬಿಡಿ. ಒಂಬತ್ತು ಹತ್ತು ನಿಮಿಷದ ತುಂಡು ನಿದ್ದೆಯಿಂದ ವಿಶ್ರಾಂತಿ ಅಂತ ಹೆಚ್ಚೇನೂ ಸಿಗುವುದಿಲ್ಲ. ಐದು ಸಲ ಒತ್ತಿದರೆ ನೀವು ಕಷ್ಟಪಟ್ಟು ಗಳಿಸಿದ ಮುಕ್ಕಾಲು ಗಂಟೆ ಅಲ್ಲೇ ಮುಗಿಯಿತು. ಮೊಬೈಲ್ ಅಲಾರಂ ಬದಲು 300 ರೂಪಾಯಿಯ ಒಂದು ಟೇಬಲ್ ಗಡಿಯಾರ ತಂದರೆ ಇನ್ನೂ ಒಳ್ಳೆಯದು, ಬೆಳಿಗ್ಗೆ ಕೈಗೆ ಮೊಬೈಲ್ ಬರುವುದೇ ತಪ್ಪುತ್ತದೆ.

ಒಂದು ತಿಂಗಳ ಮೇಲೆ ಅಲಾರಂಗಿಂತ ಮೊದಲೇ ಎಚ್ಚರ ಆಗತೊಡಗುತ್ತದೆ. ಈಗ ನನಗೆ ಪಾವ್ ಮಾರುವವನ ಸೈಕಲ್ಲಿನ ಪೊಂ ಪೊಂ ಕೇಳುವ ಮೊದಲೇ ಕಣ್ಣು ಬಿಟ್ಟಿರುತ್ತದೆ, ಮೊದಲು ಅದು ಕೇಳುತ್ತಲೇ ಇರಲಿಲ್ಲ.

ಮೊದಲ ಇಪ್ಪತ್ತು ನಿಮಿಷ ಯಾವ ನಿರ್ಧಾರವನ್ನೂ ಮಾಡಬೇಡಿ

ಎದ್ದ ಕೂಡಲೇ ತಲೆ ಮಂಜು ಮಂಜಾಗಿರುವುದು ಸಹಜ. ಅದು ಹದಿನೈದರಿಂದ ಮೂವತ್ತು ನಿಮಿಷ, ಕೆಲವರಿಗೆ ಇನ್ನೂ ಜಾಸ್ತಿ ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ "ಇದೆಲ್ಲ ಯಾಕೆ ಬೇಕಿತ್ತು" ಎಂದು ಅನಿಸಿಯೇ ಅನಿಸುತ್ತದೆ. ಆ ಮಾತು ಆಡುತ್ತಿರುವುದು ಮಂಜು, ನೀವಲ್ಲ. ಉತ್ತರ ಕೊಡಲು ಹೋಗಬೇಡಿ. ಮುಖಕ್ಕೆ ನೀರು, ಒಂದು ಲೋಟ ಬಿಸಿನೀರು, ಬಾಗಿಲು ತೆಗೆದು ಹೊರಗೆ.

ಹೊರಗೆ ಹೋಗುವುದು ಮುಖ್ಯ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಒಳಗಿನ ಗಡಿಯಾರ ಬೇಗನೆಯ ಹೊತ್ತಿಗೆ ಸರಿಯುತ್ತದೆ, ಅಂದರೆ ಆ ದಿನ ರಾತ್ರಿ ನಿದ್ದೆ ಬೇಗ ಬರುತ್ತದೆ. ಮನೆಯ ಟ್ಯೂಬ್‌ಲೈಟಿನ ಬೆಳಕು ನೂರರಿಂದ ಮುನ್ನೂರು ಲಕ್ಸ್ (ಬೆಳಕು ಅಳೆಯುವ ಮಾನ), ಬೆಳಗಾದ ಮೇಲೆ ಹೊರಗೆ ಮೋಡ ಕವಿದಿದ್ದರೂ ಸಾಮಾನ್ಯವಾಗಿ ಸಾವಿರ ದಾಟುತ್ತದೆ. ಕಾಜುಬಾಗದವರಿಗೆ ಕಡಲತೀರ ಹತ್ತಿರ. ಶಿರಸಿಯ ಕಡೆಯವರಿಗೆ ಅಂಗಳ ಇದೆ. ಫ್ಲಾಟಿನವರಿಗೆ ಬಾಲ್ಕನಿಯಾದರೂ ಇರುತ್ತದೆ. ಎದ್ದ ಹೊತ್ತಿಗೆ ಇನ್ನೂ ಕತ್ತಲಿದ್ದರೆ ಒಳಗೆ ಎಲ್ಲ ದೀಪ ಹಾಕಿ, ಬೆಳಕು ಹರಿದ ಕೂಡಲೇ ಹತ್ತು ನಿಮಿಷ ಹೊರಗೆ ನಿಂತು ಬನ್ನಿ.

ನಮ್ಮ ಊರ ಮನೆಯಲ್ಲಿ ಅಪ್ಪಯ್ಯ ಎದ್ದ ಕೂಡಲೇ ಮಾಡುತ್ತಿದ್ದುದು ಬಚ್ಚಲ ಒಲೆಗೆ ಬೆಂಕಿ ಹಾಕುವುದು. ಹಂಡೆಯ ನೀರು ಕಾಯುವ ಹೊತ್ತಿಗೆ ಅವರ ಮಂಜು ಇಳಿದಿರುತ್ತಿತ್ತು. ಕೈಗೆ ಕೆಲಸ ಇರಬೇಕು, ತಲೆಗೆ ಇರಬಾರದು, ಅಂಥದ್ದೇನಾದರೂ ಹುಡುಕಿಕೊಳ್ಳಿ. ನಾನು ತುಳಸಿ ಮತ್ತು ನಾಲ್ಕು ದಾಸವಾಳಕ್ಕೆ ನೀರು ಹಾಕುತ್ತೇನೆ.

ಈಗ ನಿಜವಾದ ಪ್ರಶ್ನೆ: ಆ ಹೊತ್ತಲ್ಲಿ ಏನು ಮಾಡುವುದು

ಬೇಗ ಎದ್ದವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿ. ಎದ್ದಿರುತ್ತಾರೆ, ಸೋಫಾದಲ್ಲಿ ಕೂತು ಮೊಬೈಲ್ ನೋಡುತ್ತಾರೆ. ರಾತ್ರಿಯ ಹಾಳು ಗಂಟೆಯನ್ನು ಬೆಳಿಗ್ಗೆಗೆ ಸಾಗಿಸಿದ್ದಷ್ಟೇ ಆಯಿತು. ನನ್ನ ಮೊದಲ ಮೂರು ವಾರ ಹೀಗೇ ಹೋಯಿತು.

ಮೊದಲು ಲೆಕ್ಕ ನೋಡಿ. 45 ನಿಮಿಷದಲ್ಲಿ ಮಂಜಿಗೆ 15 ಹೋದರೆ ಉಳಿಯುವುದು 30. ವಾರಕ್ಕೆ ಐದು ದಿನ ಅಂದರೆ ಎರಡೂವರೆ ಗಂಟೆ, ವರ್ಷಕ್ಕೆ ಸುಮಾರು 130 ಗಂಟೆ. ಇದು ದೊಡ್ಡದೂ ಹೌದು, ಸಣ್ಣದೂ ಹೌದು. ಒಂದು ಕೆಲಸಕ್ಕೆ ಕೊಟ್ಟರೆ ದೊಡ್ಡದು. ಯೋಗ ಹತ್ತು ನಿಮಿಷ, ಇಂಗ್ಲಿಷ್ ಹತ್ತು ನಿಮಿಷ, ಧ್ಯಾನ ಐದು, ಡೈರಿ ಐದು ಎಂದು ಪಂಚಾಮೃತ ಮಾಡಿದರೆ ಯಾವುದರ ರುಚಿಯೂ ಗೊತ್ತಾಗುವುದಿಲ್ಲ. ಹಾಗಾಗಿ ಮೂರು ತಿಂಗಳಿಗೆ ಒಂದೇ ಕೆಲಸ.

ಯಾವ ಕೆಲಸ ಎಂದು ಆರಿಸುವುದಕ್ಕೆ ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಸಂಜೆ ಮಾಡುತ್ತೇನೆ ಎಂದು ವರ್ಷದಿಂದ ಹೇಳುತ್ತಾ ಇದ್ದು ಒಮ್ಮೆಯೂ ಮಾಡದಿರುವುದು ಯಾವುದು? ನನಗೆ ಅದು ಇಲಾಖಾ ಪರೀಕ್ಷೆಯ ಓದು. ಸಂಜೆ ಪುಸ್ತಕ ತೆಗೆದರೆ ಎರಡನೇ ಪುಟಕ್ಕೆ ಕಣ್ಣು ಮುಚ್ಚುತ್ತಿತ್ತು. ಬೆಳಿಗ್ಗೆ ಮೂವತ್ತು ನಿಮಿಷದಲ್ಲಿ ಆರು ಪುಟ ಓದಿ ಅರ್ಧ ಪುಟ ಟಿಪ್ಪಣಿ ಮಾಡಲು ಆಗುತ್ತಿತ್ತು. ಮೂರು ತಿಂಗಳಿಗೆ ಅದು ಮುಗಿಯಿತು. ಆಮೇಲಿನ ಮೂರು ತಿಂಗಳು ಅಪ್ಪಯ್ಯ ಬಿಟ್ಟುಹೋದ ತೋಟದ ಲೆಕ್ಕದ ಪಟ್ಟಿಗಳನ್ನು ಕಂಪ್ಯೂಟರಿಗೆ ಹಾಕಿದೆ, ಒಂದೊಂದು ವರ್ಷ ಎಷ್ಟು ಕ್ವಿಂಟಲ್, ಔಷಧಿಗೆ ಎಷ್ಟು, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಎಷ್ಟು. ಈಗ ಬರೀ ನಡೆಯುತ್ತೇನೆ, ಡಾಕ್ಟರು ಸಕ್ಕರೆ ಅಂಶ ನೋಡಿ ಹುಬ್ಬು ಏರಿಸಿದರು.

ಕೆಲಸ ಆರಿಸಿದ ಮೇಲೆ ಅದನ್ನು ಹಿಂದಿನ ರಾತ್ರಿಯೇ ಮೇಜಿನ ಮೇಲೆ ಬಿಚ್ಚಿಡಬೇಕು. ಓದುವ ಪುಟ ತೆರೆದು ಅದರ ಮೇಲೆ ಪೆನ್ನು. ನಡೆಯುವವರು ಬೂಟು, ಸಾಕ್ಸ್ ಬಾಗಿಲ ಹತ್ತಿರ. ಬರೆಯುವವರು ನಿನ್ನೆಯ ಕೊನೆಯ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ, ಬೆಳಿಗ್ಗೆ ಅದನ್ನು ಮುಗಿಸುತ್ತಾ ಶುರು ಮಾಡಬಹುದು. ಬೆಳಿಗ್ಗೆ ಎದ್ದು "ಇವತ್ತು ಏನು ಮಾಡಲಿ" ಎಂದು ಯೋಚಿಸಲು ಕೂತರೆ ಹತ್ತು ನಿಮಿಷ ಹೋಯಿತು, ಚೀಟಿ ಹುಡುಕಲು ಐದು ಹೋಯಿತು, ಅಷ್ಟರಲ್ಲಿ ಹಾಲಿನವನು ಬಂದ.

ಕಷ್ಟದ್ದನ್ನು ಮೊದಲು ಮಾಡಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಎರಡು ವಾರ ಇಷ್ಟದ್ದನ್ನೇ ಮಾಡಿ. ಕತೆ ಓದಿ, ಹಾರ್ಮೋನಿಯಂ ನುಡಿಸಿ (ಮೆಲ್ಲಗೆ), ಸುಮ್ನೆ ಕಡಲು ನೋಡುತ್ತಾ ಕೂರಿ. ಬೈತಖೋಲ್ ಬಂದರಿನ ಕಡೆ ದೋಣಿಗಳು ಓಡಾಡುವುದನ್ನು ನೋಡುತ್ತಾ ಅರ್ಧ ಗಂಟೆ ಕೂತರೂ ಅದು ಹಾಳಾದ ಹೊತ್ತಲ್ಲ. ಏಳುವುದಕ್ಕೆ ಆಸೆ ಹುಟ್ಟಬೇಕು ಮೊದಲು. ಆಸೆ ಹುಟ್ಟಿದ ಮೇಲೆ ಕಷ್ಟದ ಪುಸ್ತಕ ತಂದು ಇಡಬಹುದು.

ಮಳೆ, ಕೊಯ್ಲು, ಆಟ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಬೆಳಿಗ್ಗೆ ಅನ್ನುವುದೇ ಬೇರೆ. ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದಿಗೆ ಎಂಥವನಿಗೂ ಕಂಬಳಿ ಎಳೆದುಕೊಳ್ಳುವ ಮನಸ್ಸಾಗುತ್ತದೆ. ಈ ತಿಂಗಳುಗಳಲ್ಲಿ ಹೊಸದಾಗಿ ಶುರು ಮಾಡಬೇಡಿ, ಅಕ್ಟೋಬರ್‌ವರೆಗೆ ಕಾಯಿರಿ. ಈಗಾಗಲೇ ರೂಢಿ ಇದ್ದವರು ಮಲಗುವ ಕೋಣೆಯ ದೀಪಕ್ಕೆ ಟೈಮರ್ ಹಾಕಿಸಿಕೊಳ್ಳಬಹುದು, ಕರೆಂಟ್ ಇದ್ದ ದಿನ ಕೆಲಸ ಮಾಡುತ್ತದೆ. ನಡಿಗೆ ಆಗದಿದ್ದರೆ ಜಗಲಿಯ ಮೇಲೆ ಹಿಂದೆ ಮುಂದೆ.

ಘಟ್ಟದ ಮೇಲಿನವರಿಗೆ ಕೊನೆಕೊಯ್ಲಿನ, ಅಂದರೆ ಅಡಿಕೆ ಕೊಯ್ಲಿನ, ತಿಂಗಳುಗಳಲ್ಲಿ ಅಡಿಕೆ ಸುಲಿಯುವ ಕೆಲಸ ರಾತ್ರಿ ಹನ್ನೊಂದಾದರೂ ಮುಗಿಯುವುದಿಲ್ಲ. ಮೆಟ್ಟುಗತ್ತಿಯ ಮುಂದೆ ತೂಕಡಿಸಿದರೆ ಬೆರಳು ಹೋಗುತ್ತದೆ. ಆ ಕಾಲಕ್ಕೆ ಬೇಗ ಏಳುವ ಯೋಜನೆಯನ್ನು ಮಡಚಿ ಅಟ್ಟದ ಮೇಲೆ ಇಡಿ, ಕೊಯ್ಲು ಮುಗಿದ ಮೇಲೆ ಇಳಿಸಿ.

ಯಕ್ಷಗಾನದ ಆಟ ಇದ್ದರೆ? ಹೋಗಿ. ಕಾಲಮಿತಿಯದ್ದಾದರೆ ಮಧ್ಯರಾತ್ರಿಯ ಹೊತ್ತಿಗೆ ಮನೆಗೆ ಬರಬಹುದು, ಇಡೀ ರಾತ್ರಿಯದ್ದಾದರೆ ಬೆಳಗಾಗುವಾಗ ಹೇಗೂ ಎಚ್ಚರವೇ ಇರುತ್ತೀರಿ. ಮರುದಿನದ ನಿಯಮ ಒಂದೇ, ಎಷ್ಟೇ ತಡವಾಗಿ ಮಲಗಿದರೂ ರೂಢಿಯ ಹೊತ್ತಿಗಿಂತ ಒಂದೂವರೆ ಗಂಟೆಗಿಂತ ಜಾಸ್ತಿ ತಡವಾಗಿ ಏಳಬೇಡಿ, ಉಳಿದ ನಿದ್ದೆಯನ್ನು ಮಧ್ಯಾಹ್ನ ಒರಗಿ ಮತ್ತು ರಾತ್ರಿ ಬೇಗ ಮಲಗಿ ತುಂಬಿಸಿ. ಇಡೀ ರಾತ್ರಿ ಆಟ ನೋಡಿದವರಿಗೆ ಇದೂ ಮಾಫಿ, ಮಲಗಿಕೊಳ್ಳಿ. ಸ್ಕೂಟರ್ ಮಾತ್ರ ಹತ್ತಬೇಡಿ. ಭಾನುವಾರವೂ ಹಾಗೆ, ಒಂದು ಗಂಟೆ ತಡ ಪರವಾಗಿಲ್ಲ, ಒಂಬತ್ತರವರೆಗೆ ಮಲಗಿದರೆ ಸೋಮವಾರ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಕೆಲವರಿಗೆ ಇದು ಬೇಡವೇ ಬೇಡ

ರಾತ್ರಿ ಪಾಳಿಯವರು, ರಾತ್ರಿ ಕಡಲಿಗೆ ಇಳಿಯುವವರು, ಮನೆಯಲ್ಲಿ ಕೂಸು ಇರುವವರು ಸಿಕ್ಕಾಗ ನಿದ್ದೆ ಮಾಡಿ, ಸಾಕು. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟಿದಂತಾಗಿ ಏಳುವವರು, ಎಂಟು ಗಂಟೆ ಮಲಗಿದರೂ ಹಗಲು ನಿದ್ದೆ ತೂಗುವವರು ಅಲಾರಂ ಬದಲಿಸುವ ಮೊದಲು ಡಾಕ್ಟರನ್ನು ನೋಡಬೇಕು.

ಮತ್ತೆ ಮಕ್ಕಳು. ಹದಿಹರೆಯದಲ್ಲಿ ಒಳಗಿನ ಗಡಿಯಾರ ತನ್ನಿಂದ ತಾನೇ ತಡವಾಗುತ್ತದೆ, ಅದು ಸೋಮಾರಿತನ ಅಲ್ಲ. ಎಸ್ಸೆಸ್ಸೆಲ್ಸಿ ಎಂದು ಮಗಳನ್ನು ಐದಕ್ಕೆ ಎಬ್ಬಿಸುವ ಪ್ರಯತ್ನ ನಾನೂ ಮಾಡಿದೆ. ಪುಸ್ತಕದ ಮೇಲೆ ಹಣೆ ಇಟ್ಟು ಎಷ್ಟು ಚೆಂದ ಮಲಗುತ್ತಿದ್ದಳು ಅಂದರೆ ಎಬ್ಬಿಸಲು ಮನಸ್ಸಾಗುತ್ತಿರಲಿಲ್ಲ. ಈಗ ಅವಳು ರಾತ್ರಿ ಹತ್ತಕ್ಕೆ ಪುಸ್ತಕ ಮುಚ್ಚಿ ಬೆಳಿಗ್ಗೆ ಆರೂ ಮುಕ್ಕಾಲಿಗೆ ಏಳುತ್ತಾಳೆ. ಮಾರ್ಕು ಕಡಿಮೆಯಾಗಿಲ್ಲ.

ಎದ್ದವರ ಹೊತ್ತು ಮನೆಯ ಹೊತ್ತಾಗುವುದು

ಕೊನೆಗೆ ಒಂದು ತೊಂದರೆ ಬಂತು, ನಾನು ಅದನ್ನು ಊಹಿಸಿರಲಿಲ್ಲ. ನೀವು ಎದ್ದಿದ್ದೀರಿ ಎಂದು ಮನೆಗೆ ಗೊತ್ತಾದರೆ ಕೆಲಸಗಳೂ ಬೇಗ ಏಳುತ್ತವೆ. "ಎದ್ದಿದ್ದೀರಲ್ಲ, ಹಾಲು ತಂದುಬಿಡಿ." "ಎದ್ದಿದ್ದೀಯಲ್ಲ ಅಪ್ಪ, ಸಮವಸ್ತ್ರ ಇಸ್ತ್ರಿ ಮಾಡಿಬಿಡು." ಗಂಡಸಾದ ನನಗೇ ಹೀಗೆ. ಹೆಂಗಸರ ಕಥೆ ಇನ್ನೂ ಬೇರೆ. ನಮ್ಮವಳು ನನ್ನನ್ನು ನೋಡಿ ತಾನೂ ಐದೂ ಮುಕ್ಕಾಲಿಗೆ ಏಳಲು ಶುರು ಮಾಡಿದಳು, ಹೊಲಿಗೆಯ ಹೊಸ ಪಟ್ಟುಗಳನ್ನು ಕಲಿಯಬೇಕು ಎಂದು. ಎರಡು ವಾರದ ಮೇಲೆ ನೋಡಿದರೆ ಆ ಹೊತ್ತಿನಲ್ಲಿ ಅವಳು ಮಾಡುತ್ತಿದ್ದದ್ದು ನಾಳೆಯ ತರಕಾರಿ ಹೆಚ್ಚುವುದು, ಪಾತ್ರೆ ಒರೆಸುವುದು. ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಹಾಗೇ ಮಡಚಿತ್ತು. ಕೇಳಿದ್ದಕ್ಕೆ, "ಎದುರಿಗೆ ಪಾತ್ರೆ ಬಿದ್ದಿರುವಾಗ ಹೊಲಿಯುತ್ತಾ ಕೂರಲು ಕೈ ಬರುವುದಿಲ್ಲ, ನಿಮಗೆ ಅದೆಲ್ಲ ಕಾಣುವುದೇ ಇಲ್ಲ ಬಿಡಿ" ಅಂದಳು.

ಮಾತು ನಿಜವಾಗಿತ್ತು, ಹಾಗಾಗಿ ಜಾಸ್ತಿ ವಾದ ಮಾಡಲಿಲ್ಲ. ಎರಡು ಬದಲಾವಣೆ ಮಾಡಿದೆವು. ರಾತ್ರಿ ಪಾತ್ರೆ ತೊಳೆದು ಒರೆಸಿ ಮುಗಿಸುವುದು ನನ್ನ ಪಾಲಿಗೆ ಬಂತು, ಅದೇ ಒಂಬತ್ತೂ ಮುಕ್ಕಾಲರ ಒಳಗೆ. ಬೆಳಿಗ್ಗೆ ಅವಳು ಹೊಲಿಗೆ ಯಂತ್ರ ಇರುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ಆರೂವರೆಯವರೆಗೆ ಯಾರೂ ಬಡಿಯುವ ಹಾಗಿಲ್ಲ. ಮಗಳಿಗೂ ಹೇಳಿ ಒಪ್ಪಿಸಿದೆವು. ಮಂಗಳವಾರ ಮತ್ತು ಶುಕ್ರವಾರ ನಾನು ನಡೆಯಲು ಹೋಗುವುದಿಲ್ಲ, ಆ ದಿನ ಅವಳಿಗೆ ಏಳೂವರೆಯವರೆಗೆ ಬಿಡುವು. ತೆಳ್ಳೇವು (ನಮ್ಮ ಕಡೆಯ ತೆಳು ದೋಸೆ) ನಾನೇ ಎರೆಯುತ್ತೇನೆ, ಜೋನಿಬೆಲ್ಲ (ನೀರುಬೆಲ್ಲ) ಊರಿಂದ ಬಂದದ್ದು ಇರುತ್ತದೆ. ಮೊದಲ ಎರಡು ಯಾವಾಗಲೂ ಹರಿಯುತ್ತವೆ, ಅವನ್ನು ನಾನೇ ತಿಂದು ಮುಗಿಸಿರುತ್ತೇನೆ, ಬಾಗಿಲು ತೆಗೆಯುವ ಮೊದಲು.